ಬೀಗರಿಗೂ ಅಷ್ಟೇ ಅಂಬಲಿ

ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಯಾರೂ ಬರುವುದಿಲ್ಲ ಎಂದು ಸಲೋಮಿ ಲೆಕ್ಕ ಹಾಕಿದ್ದಳು. ಅವಳು ಲೆಕ್ಕದಲ್ಲಿ ತಪ್ಪುವವಳಲ್ಲ. ಅನ್ನಕ್ಕೆ ಎಸರಿಡುವಾಗಲೂ ನೀರನ್ನು ಅಳತೆಯ ಗಾಜಿನಲ್ಲಿ ಹಿಡಿದು, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, ಆಮೇಲೆ ಸುರಿಯುವವಳು. ನರ್ಸಾಗಿ ಮೂವತ್ತು ವರ್ಷ ಔಷಧಿ ಅಳೆದಿದ್ದ ತಾಯಿ ಗ್ರೇಸಳಿಗೇ ಅದು ಬೇಸರ ತರಿಸಿತ್ತು. “ಸಾಕ ಮಾಡ ತಾಯಿ, ಅದು ಅನ್ನ ಅದ, ಇಂಜೆಕ್ಷನ್ ಅಲ್ಲ” ಎನ್ನುತ್ತಿದ್ದಳು.

ಈ ಸಲದ ಲೆಕ್ಕ ಸರಳವಾಗಿತ್ತು. ಎಳ್ಳ ಅಮಾವಾಸ್ಯೆ ನಿಂತ ಬೆಳೆಯ ಹಬ್ಬ. ತೆನೆ ಹೊತ್ತ ಹೊಲ ಬಸುರಿ ಇದ್ದಂತೆ. ಅವಳ ಬಯಕೆ ತೀರಿಸಲು ಮನೆಮಂದಿಯೆಲ್ಲ ಕಾಯಿಪಲ್ಲೆ ಕಾಳು ಕೂಡಿಸಿ ಬೇಯಿಸಿದ ಭಜ್ಜಿ, ಅಂಬಲಿ, ಸಜ್ಜೆ ರೊಟ್ಟಿ ಹೊತ್ತು ಹೊಲಕ್ಕೆ ಹೋಗುತ್ತಾರೆ. ಮೊದಲು ಬೆಳೆಗೆ ಉಣಿಸಿ ಆಮೇಲೆ ತಾವು ಉಣ್ಣುತ್ತಾರೆ. ಆದರೆ ೨೦೧೫ರಲ್ಲಿ ಮುಂಗಾರು ಮುಖ ತೋರಿಸಲಿಲ್ಲ, ಹಿಂಗಾರು ಬೆನ್ನನ್ನೂ ತೋರಿಸಲಿಲ್ಲ. ಔರಾದ ತಾಲ್ಲೂಕಿನ ಹಳ್ಳಿಗಳಲ್ಲಿ ಅರ್ಧ ಜನ ಹೈದರಾಬಾದಿನ ಕಟ್ಟಡಗಳಿಗೆ ಇಟ್ಟಿಗೆ ಹೊರಲು ಹೋಗಿದ್ದರು, ಉಳಿದವರಲ್ಲಿ ಅರ್ಧ ಪುಣೆಗೆ. ಬೆಳೆ ಇಲ್ಲ, ಜನ ಇಲ್ಲ, ಆದ್ದರಿಂದ ಹಬ್ಬವೂ ಇಲ್ಲ. ಸಲೋಮಿ ತನ್ನ ನೋಟ್‌ಬುಕ್ಕಿನಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿಟ್ಟಳು: ‘ಜನವರಿ ೯, ಶನಿವಾರ. ಅಳತೆ ಸಂಖ್ಯೆ ೧೨. ಅಡಚಣೆ: ಇಲ್ಲ.’

ಆ ಹನ್ನೆರಡನೆಯ ಅಳತೆಯ ಮೇಲೆಯೇ ಎಲ್ಲವೂ ನಿಂತಿತ್ತು.

ವಿಷಯ ಇಷ್ಟು. ಹೊಲಕ್ಕೆ ಹಾಕಿದ ಯೂರಿಯಾ ಎಲ್ಲವೂ ಬೆಳೆಗೆ ಸಿಗುವುದಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ಅದರ ಮೇಲೆ ಕೈಯಾಡಿಸಿ, ಒಂದಿಷ್ಟನ್ನು ನೈಟ್ರಸ್ ಆಕ್ಸೈಡ್ ಎಂಬ ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ತೂಕಕ್ಕೆ ತೂಕ ಹಿಡಿದರೆ ಆ ಅನಿಲ ಇಂಗಾಲದ ಡೈಆಕ್ಸೈಡಿಗಿಂತ ಇನ್ನೂರೈವತ್ತು ಪಟ್ಟಿಗಿಂತಲೂ ಹೆಚ್ಚು ಭೂಮಿಯನ್ನು ಕಾಯಿಸುತ್ತದೆ. ಜೋಳದ ಬೇರಿಗೆ ಒಂದು ಒಳ್ಳೆಯ ಗುಣವಿದೆ. ಅದು ಒಂದು ರಸ ಒಸರಿ ಆ ಜೀವಿಗಳ ಕೈಯನ್ನು ತುಸು ನಿಧಾನ ಮಾಡುತ್ತದೆ. ಆ ರಸ ಇನ್ನೂ ಹೆಚ್ಚು ಒಸರುವಂತೆ ವಂಶವಾಹಿಯನ್ನು ತಿದ್ದಿ ಮಾಡಿದ ಹೊಸ ಜೋಳವನ್ನು, ಸಲೋಮಿ ಕೆಲಸ ಮಾಡುತ್ತಿದ್ದ ಬೀದರಿನ ಸಂಶೋಧನಾ ಕೇಂದ್ರ ಎರಡು ಕಡೆ ಬಿತ್ತಿತ್ತು. ಒಂದು ಭಾಲ್ಕಿಯ ಹತ್ತಿರ, ಇನ್ನೊಂದು ಔರಾದಿನ ಹತ್ತಿರ. ಹೋಲಿಸಿ ನೋಡಲು ಪಕ್ಕದಲ್ಲೇ ಅಷ್ಟೇ ಜಾಗದಲ್ಲಿ ಹಳೆಯ ಜೋಳ.

ಭಾಲ್ಕಿಯ ಬಾವಿ ನವೆಂಬರಿನಲ್ಲೇ ತಳ ಕಂಡಿತು. ಅಲ್ಲಿನ ಜೋಳ ಹೊಸದು ಹಳೆಯದೆಂಬ ಭೇದವಿಲ್ಲದೆ ಒಣಗಿ ನಿಂತಿತು. ಇನ್ನುಳಿದದ್ದು ಔರಾದಿನಿಂದ ಮೂರು ಕಿಲೋಮೀಟರು ಆಚೆ, ಕೇಶರಬಾಯಿ ಎಂಬ ಹೆಣ್ಣುಮಗಳು ಕೇಂದ್ರಕ್ಕೆ ಬಿಟ್ಟುಕೊಟ್ಟಿದ್ದ ಹೊಲ. ಅಲ್ಲಿ ಕೊಳವೆಬಾವಿ ಇನ್ನೂ ಎರಡು ಬೆರಳು ನೀರು ಕೊಡುತ್ತಿತ್ತು. ಹನ್ನೊಂದು ಅಳತೆ ಆಗಿದ್ದವು. ಹನ್ನೆರಡೂ ಪೂರ್ತಿಯಾದರೆ ಎರಡನೆಯ ವರ್ಷದ ಮಂಜೂರಿ, ಅದರ ಜೊತೆಗೆ ಸಲೋಮಿಯ ಪಿಎಚ್‌ಡಿ. ಒಂದು ಕಡಿಮೆಯಾದರೂ ಫೈಲು ಮುಚ್ಚಿ ಕಪಾಟಿಗೆ. ಮುಂದಕ್ಕೆ ಹಾಕುವಂತೆಯೂ ಇರಲಿಲ್ಲ. ಭಾನುವಾರ ತಪಾಸಣೆ ಸಮಿತಿ ಬಂದು, ಕಾಳು ಬಲಿಯುವ ಮೊದಲೇ ಗಿಡಗಳನ್ನು ಎಣಿಸಿ, ಕಿತ್ತು, ಸುಡಿಸುವುದೆಂದು ನಿಯಮವಿತ್ತು.

ಇದನ್ನೆಲ್ಲ ಸಲೋಮಿ ಕೇಶರಬಾಯಿಗೆ ಬಿತ್ತನೆಯ ದಿನವೇ ವಿವರಿಸಿದ್ದಳು. ಕೇಶರಬಾಯಿ ಕೊನೆಯವರೆಗೆ ಕೇಳಿ, “ಅಂದ್ರ ಯೂರಿಯಾ ತಿಂದು ಭೂಮಿಗೆ ಹೊಟ್ಟಿ ಉಬ್ಬರಸ್ತದ. ಈ ಜ್ವಾಳ ಅಜವಾನ ಇದ್ದಂಗ. ಹೌದಿಲ್ಲೋ?” ಎಂದಿದ್ದಳು. ಸಲೋಮಿ ಒಂದು ನಿಮಿಷ ಯೋಚಿಸಿ ನೋಡಿದಳು. ಅದಕ್ಕಿಂತ ಸರಿಯಾದ ಸಾರಾಂಶ ಯಾವ ಪ್ರಬಂಧದಲ್ಲೂ ಕಂಡಿರಲಿಲ್ಲ.

ಶನಿವಾರ ಮುಂಜಾನೆ ಬೀದರಿನಿಂದ ಔರಾದಿಗೆ ಹೋಗುವ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಸಲೋಮಿ ಸಿರಿಂಜು, ನಲವತ್ತು ಗಾಜಿನ ಸೀಸೆ, ಗಡಿಯಾರ ತುಂಬಿದ ಪೆಟ್ಟಿಗೆಯನ್ನು ಎದೆಗವುಚಿಕೊಂಡು ನಿಂತಿದ್ದಳು. ಪಕ್ಕದಲ್ಲಿದ್ದ ಹೆಂಗಸಿನ ಕಂಕುಳಲ್ಲಿ ಬದನೆಕಾಯಿಯ ಚೀಲ, ಕಾಲಬಳಿ ಅವರೆಯ ಚೀಲ, ತಲೆಯ ಮೇಲಿನ ಕಂಬಿಯಲ್ಲಿ ಮೆಂತ್ಯದ ಕಟ್ಟು.

“ಎಲ್ಲಿಂದ ಬಂದ್ರಿ ಅಕ್ಕಾ?”

“ಹೈದರಾಬಾದಿಂದ. ರಾತ್ರಿಪೂರಾ ಬಸ್ಸಿನಾಗೇ. ಎಳ್ಳಮಾಸಿ ಅದಲಾ, ಭಜ್ಜಿ ಮಾಡ್ಲಾಕ ಇಲ್ಲಿ ಕಾಯಿಪಲ್ಲೆ ಎಲ್ಲದ? ಅಲ್ಲಿಂದೇ ತಂದೀವಿ.”

“ಆದ್ರ ಹೊಲದಾಗ ಬೆಳಿ ಇಲ್ಲಲ್ರಿ. ಪೂಜಿ ಯಾದಕ್ಕ ಮಾಡ್ತೀರಿ?”

“ನಮ್ಮ ಹೊಲದಾಗ ಇಲ್ಲ. ನಮ್ಮೂರಾಗ ಕೇಶರಬಾಯಿ ಹೊಲದಾಗ ಮಾತ್ರ ಹಸರ ಅದಂತ. ತಂತಿ ಬೇಲಿ ಹಾಕಿ ಕಾಯ್ತಾರಂತ ಆ ಬೆಳಿ. ಹಂಗಂದ್ಮ್ಯಾಲ ಎಷ್ಟ ಛಲೋ ಬೆಳಿ ಇರ್ಬೇಕು! ಇಡೀ ಬಸ್ಸು ಅಲ್ಲಿಗೇ ಹೊಂಟದ ತಗೋ.”

ಸಲೋಮಿಯ ಕೈಯಲ್ಲಿದ್ದ ಪೆಟ್ಟಿಗೆಯಲ್ಲಿ ನಲವತ್ತು ಸೀಸೆಗಳೂ ಒಮ್ಮೆ ಗಲಗಲ ಎಂದವು. ಬಸ್ಸು ಅಷ್ಟೇನೂ ಕುಲುಕಿರಲಿಲ್ಲ.

ಹೊಲದ ಬಾಗಿಲನ್ನು ಅವಳು ಮುಟ್ಟಿದಾಗ ಒಂಬತ್ತೂ ನಲವತ್ತು. ಬೇಲಿಯ ಒಳಗೆ ಸೀರೆಗಳ ಸಂತೆಯೇ ನೆರೆದಿತ್ತು. ಕಾವಲುಗಾರ ಲಾಲ ಅಹ್ಮದ, ಬಸ್ ಡಿಪೋದಲ್ಲಿ ಮೂವತ್ನಾಲ್ಕು ವರ್ಷ ಬಸ್ಸುಗಳು ಬಂದುಹೋಗುವ ಹೊತ್ತು ಬರೆದು ನಿವೃತ್ತನಾದವನು, ಬಾಗಿಲಲ್ಲೇ ಖುರ್ಚಿ ಹಾಕಿಕೊಂಡು ತೊಡೆಯ ಮೇಲೆ ರಿಜಿಸ್ಟರು ಇಟ್ಟುಕೊಂಡಿದ್ದ.

“ಎಪ್ಪತ್ತು ಮಿನಿಟ ಲೇಟ, ಮ್ಯಾಡಮ.”

“ಚಾಚಾ, ಇದೇನ್ರಿ ಇದು? ಇಷ್ಟ ಮಂದಿ ಒಳಗ ಹ್ಯಾಂಗ ಬಂದ್ರು?”

“ಎಲ್ಲಾ ಕಾಯದಾ ಪರಕಾರ ಅದ. ನಿಯಮ ಹನ್ನೊಂದು, ಹೊಲದ ಮಾಲಕರು ಮತ್ತ ಅವರ ಮನಿಮಂದಿ ಒಳಗ ಬರಬಹುದು. ಎಪ್ಪತ್ತಮೂರು ಮಂದಿ. ಹೆಸರು, ಟೈಮ, ಸಂಬಂಧ, ಎಲ್ಲಾ ಬರದೀನಿ ನೋಡ್ರಿ.”

ಸಲೋಮಿ ನೋಡಿದಳು. ಸಂಬಂಧದ ಕಾಲಮ್ಮಿನಲ್ಲಿ ಮಗ, ಸೊಸೆ, ಬೀಗ, ಬೀಗನ ತಮ್ಮ, ಬೀಗನ ತಮ್ಮನ ಜೊತೆ ಹೈದರಾಬಾದಿನಲ್ಲಿ ಕೆಲಸ ಮಾಡುವವನು, ಅವನ ಹೆಂಡತಿ ಎಂದೆಲ್ಲ ಸಾಲಾಗಿ ಇತ್ತು.

“ನಿಯಮ ನಾಲ್ಕು, ಒಳಗ ಹೋಗೂ ಮೊದಲ ಕಾಲು ಸಾಬೂನ ನೀರಾಗ ತೊಳೀಬೇಕು. ತೊಳಸೀನಿ. ಎಲ್ಲಾರೂ ಖುಷಿಲೆ ತೊಳಕೊಂಡ್ರು. ಗುಡಿ ಇದ್ದಂಗ ಅದ ಅಂದ್ರು. ಮತ್ತ ನೀವು ಲೇಟ ಆದ್ರಿ ಅಂತ ನಾನೇ ನಿಮ್ಮ ಡಬ್ಬಿ ಜಾಗಾಕ್ಕ ಇಟ್ಟೀನಿ. ಹನ್ನೊಂದ ಸಲ ನೋಡಿಲ್ಲೇನು? ಬರ್ತದ ನನಗ.”

ಆ ಡಬ್ಬಿಗಳೇ ಅಳತೆಯ ಮುಖ್ಯ ಸಾಧನ. ಮೊಳದೆತ್ತರದ ಬಿಳಿ ಡಬ್ಬಿ. ಮಣ್ಣಿನಲ್ಲಿ ಹೂತ ಕಬ್ಬಿಣದ ಚೌಕಟ್ಟಿನ ಮೇಲೆ ಅದನ್ನು ಬೋರಲು ಹಾಕಿ, ಅರ್ಧ ಗಂಟೆಯಲ್ಲಿ ನಾಲ್ಕು ಸಲ ನೆತ್ತಿಯ ರಬ್ಬರು ಬಿರಡೆಯ ಮೂಲಕ ಸಿರಿಂಜಿನಿಂದ ಒಳಗಿನ ಗಾಳಿ ಎಳೆಯಬೇಕು. ಹೊಸ ಜೋಳದಲ್ಲಿ ಒಂದರಿಂದ ಐದು, ಕಾಲುದಾರಿಯ ಈಚೆ ಹಳೆಯ ಜೋಳದಲ್ಲಿ ಆರರಿಂದ ಹತ್ತು. ಸಲೋಮಿ ಓಡಿದಳು.

ಹೊಸ ಜೋಳ ಎದೆಮಟ್ಟ ಎದ್ದು ನಿಂತಿತ್ತು. ಪರಾಗ ಹೊರಗೆ ಹಾರಬಾರದೆಂದು ಪ್ರತಿ ತೆನೆಗೂ ಕಾಗದದ ಚೀಲ ತೊಡಿಸಿತ್ತು. ಅದರ ನೆರಳಲ್ಲಿ ಐದು ಡಬ್ಬಿಗಳು ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಸೇವಂತಿಗೆ ಮುಡಿದುಕೊಂಡು, ಮುಂದೆ ಎರಡೆರಡು ಊದಿನಕಡ್ಡಿ ಸುಡಿಸಿಕೊಂಡು ಕೂತಿದ್ದವು. ಅವುಗಳ ಮುಂದೆ ಕೇಶರಬಾಯಿ, ಅರವತ್ತರ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು.

“ಬಾ ನನ ಮಗಳ! ಸರಿಯಾಗಿ ಬಂದಿ. ಪಾಂಡವರ ಊಟ ಆತು. ಇನ್ನ ನಮ್ಮದೇ.”

“ಯಾವ ಪಾಂಡವರು, ಆಯಿ?”

“ಯಾವ ಪಾಂಡವರು ಅಂದ್ರ? ವರ್ಷಾ ಏನ ಮಾಡ್ತೀವಿ? ಜ್ವಾಳದ ಕಣಕಿಲೆ ಗುಡಸಲದಂಗ ಕೊಂಪಿ ಕಟ್ಟಿ, ಐದು ಕಲ್ಲಿಗೆ ಸುಣ್ಣಾ ಬಳದು, ಒಳಗ ಕುಂದ್ರಸ್ತೀವಿ. ಈ ಸಲ ಕಣಕಿ ದನಕ್ಕೇ ಇಲ್ಲ, ಕೊಂಪಿಗಿ ಎಲ್ಲಿಂದ ತರಲಿ? ಹ್ಯಾಂಗ ಮಾಡ್ಲಿ ಅಂತ ಬಂದು ನೋಡ್ತೀನಿ, ಐದೂ ಮಂದಿ ತಾವೇ ಬೆಳ್ಳಗ ಸಾಲಾಗಿ ಕುಂತಾರ! ಮ್ಯಾಲ ಜ್ವಾಳದ ನೆರಳು. ಸುಣ್ಣಾ ಸೈತ ಬಳೀಬೇಕಾಗಿಲ್ಲ.”

“ಒಳಗ… ಒಳಗೇನರ ಹಾಕೀರೇನು?”

“ಉಣಸ್ಲಾರದ ಬಿಡ್ತೀವೇನು? ಎತ್ತಿ ಅಂಬಲಿ ಹಾಕಿ ಮತ್ತ ಮುಚ್ಚೀವಿ. ಛಲೋ ಡಬ್ಬಿ ಮಾಡ್ಸಿ ನೀ. ಮರೆಯಾಗ ಕುಂತು ಉಣತಾರ.”

ಸಲೋಮಿ ಅಲ್ಲೇ ಹೆಂಟೆಯ ಮೇಲೆ ಕುಳಿತಳು. ಜೋಳದ ಹಿಟ್ಟು, ಮಜ್ಜಿಗೆ, ಬೆಳ್ಳುಳ್ಳಿ, ಎರಡು ದಿನ ಹುಳಿ ಬರಿಸಿದ ಅಂಬಲಿ. ಮಣ್ಣಿನ ಸೂಕ್ಷ್ಮಜೀವಿಗಳ ಪಾಲಿಗೆ ಅದು ಹಬ್ಬದೂಟವೇ. ಒಣ ನೆಲ, ಯೂರಿಯಾ, ಮೇಲೆ ಅಂಬಲಿ ಎಂದರೆ ಅನಿಲ ಎಗರುವುದು ಖಂಡಿತ. ಹಳೆಯ ಜೋಳದ ಕಡೆ ಬರೀ ಮಣ್ಣು. ಹೋಲಿಸಿದರೆ ಹೊಸ ಜೋಳವೇ ಹೆಚ್ಚು ಅನಿಲ ಬಿಡುತ್ತದೆ ಎಂದು ಬರುತ್ತದೆ. ಭೂಮಿಯನ್ನು ತಣಿಸಲು ಮಾಡಿದ ಜೋಳ ಭೂಮಿಯನ್ನು ಕಾಯಿಸಿತು ಎಂದು ಸಮಿತಿ ಬರೆದುಕೊಳ್ಳುತ್ತದೆ. ಕೆಳಗೆ ಸಹಿ ಅವಳದೇ.

ಅವಳು ಬೀದರಿನಲ್ಲಿದ್ದ ತನ್ನ ಮೇಲಧಿಕಾರಿ ಡಾಕ್ಟರ್ ವೈಜಿನಾಥರಿಗೆ ಫೋನು ಹಚ್ಚಿದಳು.

“ಸರ್, ಹೊಸ ಜ್ವಾಳದ ಐದೂ ಡಬ್ಬಿ ಒಳಗ ಅಂಬಲಿ ಹಾಕ್ಯಾರ್ರಿ.”

ವೈಜಿನಾಥರು ಒಂದೇ ಮಾತು ಕೇಳಿದರು. “ಎಷ್ಟು?”

“ಎಷ್ಟು ಅನ್ನೋದಲ್ಲ ಸರ್…” ಎಂದು ಶುರು ಮಾಡಿದ ಸಲೋಮಿ ಮಾತನ್ನು ಅರ್ಧಕ್ಕೇ ತಡೆದಳು. ಎಷ್ಟು ಎಂದು ಗೊತ್ತಿಲ್ಲದಿದ್ದರೆ ಅದು ಅನಾಹುತ. ಎಷ್ಟು ಎಂದು ಗೊತ್ತಿದ್ದರೆ ಅದು ಪ್ರಯೋಗದ ಒಂದು ಭಾಗ. “ಸರ್, ಹಳೇ ಜ್ವಾಳದ ಕಡೀಗೂ ಅಷ್ಟೇ ಹಾಕಿದ್ರ?”

“ಎರಡೂ ಕಡೀ ಉಣಸ್ತೀ ಅಂದಂಗಾತು.”

“ಹೌದ್ರಿ. ಉಂಡ ಮ್ಯಾಲ ಯಾವ ಕಡಿ ಎಷ್ಟು ಗ್ಯಾಸ ಬಿಡ್ತದ ನೋಡೋದ್ರಿ.”

“ಅಷ್ಟೇ ಅಂದ್ರ ಅಷ್ಟೇ ಸಲೋಮಿ. ಹನಿ ಹೆಚ್ಚಿಲ್ಲ, ಹನಿ ಕಮ್ಮಿ ಇಲ್ಲ. ವ್ಯಾಳ್ಯಾನೂ ಸರಿ ಇರ್ಬೇಕು. ಮಾಡು.” ಫೋನು ಇಡುವ ಮೊದಲು ಅವರ ದನಿ ಮೆತ್ತಗಾಯಿತು. “ಮತ್ತ ಭಜ್ಜಿ ಉಳದ್ರ ಒಂದ ಡಬ್ಬಿ ನನಗ ತಗೊಂಡ ಬಾ. ತೊಳದ ಡಬ್ಬಿಯಾಗ.”

ಸಲೋಮಿ ಎದ್ದು ನಿಂತಳು. ಮೊದಲು ವಿಚಾರಣೆ. ಅಂಬಲಿ ಹಾಕಿದ್ದು ಯಾವುದರಿಂದ? ಹಿತ್ತಾಳೆಯ ಸೌಟಿನಿಂದ. ಸೌಟಿಗೆ ನೀರು ತುಂಬಿ ಅಳತೆಯ ಗಾಜಿಗೆ ಸುರಿದಳು. ನೂರಾ ಹತ್ತು ಮಿಲಿಲೀಟರು.

“ಎಲ್ಲಾರಿಗೂ ಒಂದೊಂದೇ ಸೌಟು ಹೌದಲ್ಲ ಆಯಿ?”

“ಒಂದೊಂದೇ. ಭೀಮಗ ಮಾತ್ರ ಎರಡು.”

“ಭೀಮಗ ಯಾಕ ಎರಡು?”

ಕೇಶರಬಾಯಿ ಅವಳನ್ನು ಮರುಕದಿಂದ ನೋಡಿದಳು. “ಇಷ್ಟ ಓದೀ. ಭೀಮಗ ಒಂದರಾಗ ಹ್ಯಾಂಗ ಸಾಲತದ?”

‘ಡಬ್ಬಿ ೨: ಇನ್ನೂರ ಇಪ್ಪತ್ತು’ ಎಂದು ಸಲೋಮಿ ಬರೆದುಕೊಂಡಳು. ಹೊತ್ತು? ಲಾಲ ಅಹ್ಮದನ ರಿಜಿಸ್ಟರಿನಲ್ಲಿ ‘ಪಾಂಡವರ ಊಟ: ೮.೫೫’ ಎಂದು ನಮೂದಾಗಿತ್ತು. ಅವಳಿಗೆ ಆ ಮುದುಕನನ್ನು ಅಪ್ಪಿಕೊಳ್ಳಬೇಕೆನಿಸಿತು.

“ಆಯಿ, ಈಗ ಅಷ್ಟೇ ಅಂಬಲಿ ಆ ಕಡಿ ಐದು ಡಬ್ಬಿಗೂ ಹಾಕ್ಬೇಕು.”

ಎಪ್ಪತ್ತಮೂರು ಜನ ಕಾಲುದಾರಿಯ ಆಚೆ ಬಿಸಿಲಿನಲ್ಲಿ ಬೋಳಾಗಿ ಕುಳಿತಿದ್ದ ಐದು ಡಬ್ಬಿಗಳ ಕಡೆ ತಿರುಗಿ ನೋಡಿದರು.

“ಪಾಂಡವರ ಎದುರಿಗಿ ಕುಂತೋರು ಯಾರಾಗತಾರ, ನೀನೇ ಹೇಳು,” ಎಂದಳು ಕೇಶರಬಾಯಿ.

“ಕೌರವರು!” ಹಿಂದಿನಿಂದ ನಾಲ್ಕಾರು ದನಿ ಬಂದವು.

“ಕೌರವರಿಗೆ ನನ್ನ ಅಂಬಲಿ? ಹೊಲ ಮುನಿತದ. ಮುಂದಿನ ವರ್ಷಾನೂ ಮಳಿ ಬರಂಗಿಲ್ಲ.”

“ಕೌರವರು ನೂರು ಮಂದಿ ಇರ್ಬೇಕಲ್ಲ ಆಯಿ, ಇಲ್ಲಿ ಐದೇ ಡಬ್ಬಿ ಅದಾವ.”

“ಉಳದ ತೊಂಬತ್ತೈದು ಮಂದಿ ಗುಳೆ ಹೋಗ್ಯಾರ ತಗೋ, ನಮ್ಮಂಗೇ,” ಎಂದ ಒಬ್ಬ. ಎಲ್ಲರೂ ಹೋ ಎಂದು ನಕ್ಕರು. ಹೇಳಿದವನು ಗೋರಖನಾಥ, ಕೇಶರಬಾಯಿಯ ಮಗಳ ಮಾವ, ಕಮಲನಗರದವನು. ಹೈದರಾಬಾದಿನಲ್ಲಿ ಹತ್ತು ಅಂತಸ್ತಿನ ಕಟ್ಟಡವೊಂದನ್ನು ಕಾಯುತ್ತಿದ್ದ. ಅವನ ಹೊಟ್ಟೆ ಬರಗಾಲವನ್ನು ಒಪ್ಪಿಕೊಂಡಿರಲಿಲ್ಲ.

ಸಲೋಮಿ ಗಡಿಯಾರ ನೋಡಿದಳು. ಹತ್ತಾಗುತ್ತ ಬಂದಿತ್ತು. ಬಿಸಿಲು ಏರಿದಷ್ಟೂ ಮಣ್ಣು ಕಾದು ಅಳತೆ ಕೆಡುತ್ತದೆ. ವಿಜ್ಞಾನದ ಮಾತು ಇಲ್ಲಿ ನಡೆಯುವುದಿಲ್ಲ. ಅವಳ ಕಣ್ಣು ತೆರೆದಿದ್ದ ರಿಜಿಸ್ಟರಿನ ಸಂಬಂಧದ ಕಾಲಮ್ಮಿನ ಮೇಲೆ ಬಿತ್ತು. ಬೀಗ. ಬೀಗನ ತಮ್ಮ.

“ಆಯಿ, ಅವರು ಕೌರವರಲ್ಲ,” ಎಂದಳು ನಿಧಾನಕ್ಕೆ. “ಪಾಂಡವರ ಬೀಗರು.”

ಕೇಶರಬಾಯಿಯ ಹುಬ್ಬು ಮೇಲೇರಿತು. “ಯಾವ ಕಡಿ ಬೀಗರು?”

“ದ್ರೌಪದಿ ತವರಮನಿಯವರು.”

ಕೇಶರಬಾಯಿಯ ಕೈ ಬಾಯಿಗೆ ಹೋಯಿತು. “ಅಯ್ಯ ನನ ಶಿವನೇ! ಮೊದಲೇ ಹೇಳಬಾರದಾ? ಬೀಗರನ್ನ ಬಿಸಲಾಗ ಕುಂದ್ರಿಸಿ ಮನಿಯವರಿಗೆ ಮೊದಲ ಬಡಸೀವಲ್ಲ! ಗಡಿಗಿ ತರ್ರಿ! ಕುಂಕುಮ ತರ್ರಿ! ಮುಂದ ಯಾವ ಮುಖಾ ತೋರಸ್ಲಿ ನಾನು?”

ಅರಿಶಿನ, ಕುಂಕುಮ, ಸೇವಂತಿಗೆ ಕ್ಷಣದಲ್ಲಿ ಬಂದವು. ಊದಿನಕಡ್ಡಿಯ ಹೊಗೆಯೂ ಎರಡೂ ಕಡೆ ಸಮ ಇರಬೇಕಲ್ಲ ಎಂದು ಸಲೋಮಿ ತಾನೇ ಡಬ್ಬಿಗೆ ಎರಡರಂತೆ ಎಣಿಸಿ, ಆ ಕಡೆಯಷ್ಟೇ ದೂರದಲ್ಲಿ, ಅಡಿಪಟ್ಟಿ ಇಟ್ಟು ನೆಟ್ಟಳು. ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳುವ ತನ್ನ ತಂದೆ ಡೇವಿಡ ಇದನ್ನು ನೋಡಿದರೆ ಏನೆನ್ನುತ್ತಿದ್ದರೋ ಎಂದು ಒಂದು ಗಳಿಗೆ ಅನಿಸಿತು. ಬಹುಶಃ ಅಡಿಪಟ್ಟಿ ಯಾಕೆ ಎಂದಷ್ಟೇ ಕೇಳುತ್ತಿದ್ದರು.

ಅಷ್ಟರಲ್ಲಿ ಕೇಶರಬಾಯಿ ಆರನೆಯ ಡಬ್ಬಿ ಎತ್ತಿಸಿ, ಸೌಟನ್ನು ಗಡಿಗೆಯಲ್ಲಿ ಆಳಕ್ಕೆ ಅದ್ದಿದ್ದಳು. “ಒಬ್ಬೊಬ್ಬರಿಗೂ ಮೂರ ಮೂರು ಸೌಟು.”

“ಆಯಿ ಬ್ಯಾಡ್ರಿ! ಒಂದೇ!” ಸಲೋ​ಮಿ ಕೂಗಿದ ದನಿಗೆ ಬೇಲಿಯ ಮೇಲಿನ ಕಾಗೆ ಹಾರಿತು.

“ಮನಿಯವರಿಗೆ ಒಂದು, ಬೀಗರಿಗೂ ಒಂದೇ? ಮಂದಿ ಏನಂದಾರು?”

“ಖರೇ ಅದ,” ಎಂದ ಗೋರಖನಾಥ, ಬೀಗನಾಗಿ ತನ್ನ ಅನುಭವದ ತೂಕವನ್ನೆಲ್ಲ ಆ ಮಾತಿಗೆ ಹಾಕಿ. “ಬೀಗರ ಎಲಿ ಮ್ಯಾಗ ಕಮ್ಮಿ ಬಿದ್ರ ಆ ಮಾತು ಹತ್ತು ವರ್ಷ ತಿರಗತದ.”

ಸಲೋಮಿ ಅವನ ಕಡೆ ತಿರುಗಿದಳು. “ಕಾಕಾ, ಮಾನದ ಬೀಗ ಯಾರು? ಇನ್ನಾ ಹಾಕ್ರಿ ಅನ್ನಾಂವನೋ, ಸಾಕ್ರಿ ಅನ್ನಾಂವನೋ?”

ಗೋರಖನಾಥ ಸಿಕ್ಕಿಬಿದ್ದ. “ಸಾಕು ಅನ್ನಾಂವ,” ಎಂದ ಒಲ್ಲದ ಮನಸ್ಸಿನಿಂದ.

“ಆಯಿ, ನೀವು ಎಷ್ಟ ಬೇಕಾದ್ರೂ ಹಾಕ್ಲಾಕ ಹೋಗ್ರಿ. ಬೀಗರೇ ಸಾಕು ಅಂದ್ರ ನಿಮ್ಮ ಮಾನ ಹೋಗಂಗಿಲ್ಲಲ್ಲ?”

“ಅವರು ಬಾಯಿ ಬಿಟ್ಟು ಸಾಕು ಅಂದ್ರ ಮುಗೀತು. ಆದ್ರ ಡಬ್ಬಿ ಹ್ಯಾಂಗ ಅಂತಾವ?”

“ಅವರ ಪರವಾಗಿ ಗೋರಖನಾಥ ಕಾಕಾ ಅಂತಾರ. ಒಂದ ಸೌಟು ಆದ ಕೂಡ್ಲೇ.”

ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗತೊಡಗಿದರು. ಲಾಲ ಅಹ್ಮದ ರಿಜಿಸ್ಟರು ಬಿಟ್ಟು ಎದ್ದೇ ಬಂದ. “ಯಾ ಅಲ್ಲಾ! ಮ್ಯಾಡಮ, ಬ್ಯಾರೆ ಯಾರನ್ನರ ಹುಡುಕ್ರಿ. ಇಂವ ಹುಟ್ಟಿದಾಗಿನಿಂದ ಸಾಕು ಅಂದದ್ದು ಊರಾಗ ಯಾರೂ ಕೇಳಿಲ್ಲ.”

ಆ ಮಾತು ಗೋರಖನಾಥನಿಗೆ ಚುಚ್ಚಿತು. ಅವನು ಧೋತರ ಎತ್ತಿ ಕಟ್ಟಿ, ಆರನೆಯ ಡಬ್ಬಿಯ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತ. ಕೇಶರಬಾಯಿ ಸೌಟು ತುಂಬಿದಳು. ಸಲೋಮಿ ಅದನ್ನು ಅಳತೆಯ ಗಾಜಿಗೆ ಸುರಿದು, ಗೆರೆ ನೋಡಿ, ತಿರುಗಿ ಅವಳ ಸೌಟಿಗೇ ಹಾಕಿದಳು. ಕೇಶರಬಾಯಿ ಚೌಕಟ್ಟಿನೊಳಗೆ ಸುರಿದಳು. ನಂತರ, ಬೀಗತಿಯಾದವಳು ಮಾಡಲೇಬೇಕಾದಂತೆ, ಎರಡನೆಯ ಸೌಟು ಎತ್ತಿದಳು.

“ಉಣ್ರಿ ಬೀಗರ, ಇನ್ನೊಂದೀಟು.”

ಗೋರಖನಾಥ ಅಂಬಲಿಯನ್ನೇ ನೋಡುತ್ತಿದ್ದ. ಬೆಳ್ಳುಳ್ಳಿಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ನಿನ್ನೆ ರಾತ್ರಿಯಿಂದ ಅವನು ಉಪವಾಸವಿದ್ದ. ಸೌಟು ವಾಲಿತು.

“ಸಾ…ಸಾಕ್ರಿ!”

ಹೊಲಕ್ಕೆ ಹೊಲವೇ ಚಪ್ಪಾಳೆ ತಟ್ಟಿತು. ಗೋರಖನಾಥನ ಹೆಂಡತಿ ಜಿಜಾಬಾಯಿ, “ನನಗ ಮೂವತ್ತು ವರ್ಷದಾಗ ಒಮ್ಮೆನೂ ಅಂದಿಲ್ಲ, ಡಬ್ಬಿ ಸಲುವಾಗಿ ಅಂದ,” ಎಂದು ಪಕ್ಕದವಳಿಗೆ ಹೇಳಿದಳು.

ಏಳನೆಯ ಡಬ್ಬಿಯದು ಬೇರೆ ತಕರಾರು. ಅದು ಭೀಮನಿಗೆ ಸರಿಜೋಡಿ. ಅಲ್ಲಿ ಎರಡು ಸೌಟು ಬೀಳಬೇಕು. ಬೀಗರಲ್ಲಿ ಒಬ್ಬನಿಗೇ ಯಾಕೆ ಎರಡು ಎಂದು ಜನ ಕೇಳಿದರು. ಕೇಶರಬಾಯಿ ಡಬ್ಬಿಯನ್ನೂ ಗೋರಖನಾಥನ ಹೊಟ್ಟೆಯನ್ನೂ ಒಮ್ಮೆ ನೋಡಿ, “ಇದು ನಮ್ಮ ಗೋರಖನಾಥ ಬೀಗರು,” ಎಂದು ತೀರ್ಪು ಕೊಟ್ಟಳು. ಗೋರಖನಾಥ ಹೆಮ್ಮೆಯಿಂದ ಎರಡು ಸೌಟಿನ ಮೇಲೆ ಸಾಕು ಅಂದ. ಎಂಟು, ಒಂಬತ್ತು ಸರಾಗವಾಗಿ ಮುಗಿದವು. ಅಷ್ಟರಲ್ಲಿ ಅವನಿಗೆ ಕೈ ಕುದುರಿತ್ತು. ಅಂಗೈ ಅಡ್ಡ ಹಿಡಿದು, ತಲೆ ಅಲ್ಲಾಡಿಸಿ, “ಛೇ ಛೇ, ಕಂಠಮಟ ಆಗ್ಯದ್ರಿ” ಎನ್ನುವವರೆಗೆ ಬೆಳೆದಿದ್ದ.

ಹತ್ತನೆಯದರಲ್ಲಿ ಎಲ್ಲ ಕೆಡುವುದರಲ್ಲಿತ್ತು. ಅವನ ಕಂಠಮಟವನ್ನು ನಂಬದ ಕೇಶರಬಾಯಿ ನಿಜವಾದ ಉಪಚಾರಕ್ಕೇ ಇಳಿದಳು. “ನಮ್ಮ ಮ್ಯಾಗ ಸಿಟ್ಟೇನ್ರಿ ಬೀಗರ? ಕಡೀ ಸೌಟು, ನನ್ನಾಣಿ!” ಎಂದು ಎರಡನೆಯ ಸೌಟನ್ನು ಚೌಕಟ್ಟಿನ ಮೇಲೆ ತಂದು ಬಗ್ಗಿಸಿಯೇಬಿಟ್ಟಳು. ಗೋರಖನಾಥ ಸಾಕು ಅಂದ. ಅವಳು ಸೌಟು ಎತ್ತಿದಳು. ಆದರೆ ಅದರ ಅಂಚಿನಲ್ಲಿ ಒಂದು ದಪ್ಪ ಹನಿ ನಿಂತುಬಿಟ್ಟಿತ್ತು. ಅದು ಉದ್ದವಾಗುತ್ತ ಬಂತು. ಹನಿ ಕಳಚಿತು. ಗೋರಖನಾಥ ಚಂಗನೆ ಕೈ ಚಾಚಿದ. ಹನಿ ಅವನ ಅಂಗೈಯಲ್ಲಿ ಬಿತ್ತು. ಅವನು ಅದನ್ನು ಸಲೋಮಿಗೆ ತೋರಿಸಿದ, ಜನಕ್ಕೆ ತೋರಿಸಿದ, ಆಮೇಲೆ ನೆಕ್ಕಿದ.

“ಡಬ್ಬಿ ೧೦: ನೂರಾ ಹತ್ತು,” ಎಂದು ಓದಿಕೊಳ್ಳುತ್ತ ಸಲೋಮಿ ಬರೆದಳು. “ಹತ್ತೂ ಐದು,” ಎಂದು ಲಾಲ ಅಹ್ಮದ ಸಮಯ ಕೂಗಿದ.

ಪಾಂಡವರಿಗೆ ಉಣಿಸಿ ಒಂದೂವರೆ ಗಂಟೆಗೆ, ಅಂದರೆ ಹತ್ತೂ ಇಪ್ಪತ್ತೈದಕ್ಕೆ, ಅವರ ಡಬ್ಬಿ ಒಮ್ಮೆ ಎತ್ತಿ ಗಾಳಿಯಾಡಿಸಿ ಮುಚ್ಚಿ ಅಳತೆ ಶುರುವಾಯಿತು. ಬೀಗರದು ಹನ್ನೊಂದೂ ಮೂವತ್ತೈದಕ್ಕೆ, ಅದೇ ರೀತಿ. ಅಲ್ಲಿಯವರೆಗೆ ಯಾರೂ ಹೊಲದ ತುಂಬ ಎಡೆ ಎರಚಿ ಚರಗ ಚೆಲ್ಲುವಂತಿಲ್ಲ, ಒಲೆ ಹಚ್ಚುವಂತಿಲ್ಲ, ಒಂದು ಎಲೆ ಹರಿಯುವಂತಿಲ್ಲ. ಎಪ್ಪತ್ತಮೂರು ಜನ ಭಜ್ಜಿಯ ಪಾತ್ರೆಗಳನ್ನು ಮಧ್ಯದಲ್ಲಿಟ್ಟುಕೊಂಡು ಬೇಲಿಯ ಅಂಚಿಗೆ ಸಾಲಾಗಿ ಕುಳಿತು ನೋಡಿದರು.

“ಇಂಜೆಕ್ಷನ್ ಕೊಡ್ಲಾಕತ್ತಾಳ.”

“ಕೊಡ್ಲಾಕತ್ತಿಲ್ಲ, ತೆಗೀಲಾಕತ್ತಾಳ. ಉಂಡ ಮ್ಯಾಲ ಬಂದ ಗ್ಯಾಸ ತೆಗದು ಸೀಸೆದಾಗ ತುಂಬತಾಳ.”

“ಬೀದರಕ್ಕ ಒಯ್ತಾಳಂತ. ಅಲ್ಲಿ ಮಶೀನಿಗಿ ತೋರಿಸಿದ್ರ ಯಾರ ಗ್ಯಾಸ ಎಷ್ಟು ಅಂತ ಹೇಳತದಂತ.”

“ಅಯ್ಯ, ನಮ್ಮ ಮನಿಯವರನ್ನ ಕಳಸ್ಲೇನು ಜೊತಿಗಿ?”

ಹನ್ನೆರಡೂ ಐದಕ್ಕೆ ನಲವತ್ತನೆಯ ಸೀಸೆ ತುಂಬಿತು. ಸಲೋಮಿ ತಲೆಯೆತ್ತಿ “ಮುಗೀತ್ರಿ” ಎಂದಳು. ಆಮೇಲೆ ಯಾರಿಗೂ ಯಾರ ಮಾತೂ ಕೇಳಿಸಲಿಲ್ಲ. ಅವಳ ಎಲೆಗೆ ಕೇಶರಬಾಯಿ ಮೂರು ಸಲ ಭಜ್ಜಿ ಬಡಿಸಿದಳು. ಮೂರನೆಯ ಸಲ ಸಲೋಮಿ ಸಾಕು ಅಂದಾಗ ಗೋರಖನಾಥ ದೂರದಿಂದಲೇ, “ಕೈ ಅಡ್ಡ ಹಿಡೀಬೇಕು ಬೇಟಿ, ಬರೀ ಬಾಯಿಲೆ ಅಂದ್ರ ನಡ್ಯಂಗಿಲ್ಲ,” ಎಂದು ಕಲಿಸಿದ.

ಭಾನುವಾರ ಬಂದ ಸಮಿತಿಯವರು ಗಿಡ ಎಣಿಸಿದರು. ಒಂದೂ ಕಡಿಮೆಯಿರಲಿಲ್ಲ, ಒಂದು ತೆನೆಯ ಚೀಲವೂ ಹರಿದಿರಲಿಲ್ಲ. ಹಿರಿಯ ಸದಸ್ಯರೊಬ್ಬರು ಏಳನೆಯ ಡಬ್ಬಿಯ ಹತ್ತಿರ ಬಗ್ಗಿ, ಮೂಸಿ, ಕುಂಕುಮ ಮುಟ್ಟಿ ನೋಡಿ, ಇದೇನೆಂದು ಕೇಳಿದರು. “ಎರಡೂ ಕಡೆ ಸಮಾನ ಉಪಚಾರ,” ಎಂದಳು ಸಲೋಮಿ. ಅವರು ಬರೆದುಕೊಂಡರು.

ಬೀದರಿನ ಯಂತ್ರ ಎರಡು ವಾರದಲ್ಲಿ ಉತ್ತರ ಹೇಳಿತು. ಅಂಬಲಿ ಬಿದ್ದಮೇಲೆ ಎರಡೂ ಕಡೆ ಅನಿಲ ಏರಿತ್ತು. ಆದರೆ ಹೊಸ ಜೋಳದ ಕಡೆ ಹಳೆಯದಕ್ಕಿಂತ ಮೂರರಲ್ಲಿ ಒಂದು ಪಾಲು ಕಡಿಮೆ. ಹಿಂದಿನ ಹನ್ನೊಂದು ಅಳತೆಗಳಲ್ಲಿ ಇಷ್ಟು ಸ್ಪಷ್ಟವಾಗಿ ಒಮ್ಮೆಯೂ ಬಂದಿರಲಿಲ್ಲ. ಎರಡು ಸೌಟು ಕುಡಿದ ಭೀಮ ಒಂದು ಸೌಟಿನ ಬೀಗರಿಗಿಂತ ಸ್ವಲ್ಪವಷ್ಟೇ ಮುಂದಿದ್ದ. ಎಲ್ಲಕ್ಕಿಂತ ಮೇಲೆ, ಗ್ರಾಫ್ ಕಾಗದದ ಅಂಚು ದಾಟುವಷ್ಟು ಎತ್ತರಕ್ಕೆ, ಏಳನೆಯ ಡಬ್ಬಿ. ಇದು ಒಂದೇ ಹೊಲ, ಒಂದೇ ದಿನ, ಹಳೆಯ ಜೋಳದ ಅಳತೆ ಬಿಸಿಲೇರಿದ ಮೇಲಿನದು, ಇಷ್ಟಕ್ಕೇ ಏನೂ ಸಾಬೀತಾಗುವುದಿಲ್ಲ ಎಂದು ಸಲೋಮಿ ವರದಿಯಲ್ಲಿ ಬರೆದಳು. ನಡೆದದ್ದನ್ನೂ ಸೌಟು, ಹೊತ್ತು, ಊದಿನಕಡ್ಡಿ ಸಹಿತ ಒಂದೂ ಬಿಡದೆ ಬರೆದಳು.

ಮಾರ್ಚಿನಲ್ಲಿ ಮಂಜೂರಿಯ ಪತ್ರ ಬಂತು. ವೈಜಿನಾಥರು ಅದನ್ನು ಎರಡು ಸಲ ಓದಿ, ನಗು ತಡೆದುಕೊಂಡು ಅವಳ ಮುಂದೆ ಸರಿಸಿದರು. ಎರಡನೆಯ ವರ್ಷಕ್ಕೆ ಒಪ್ಪಿಗೆ ಇದೆ. ಹನ್ನೆರಡನೆಯ ಅಳತೆಯ ವಿಧಾನ ಕುತೂಹಲಕರವಾಗಿರುವುದರಿಂದ ಮುಂದಿನ ವರ್ಷ ಎಲ್ಲ ಹನ್ನೆರಡು ಅಳತೆಗಳಲ್ಲೂ ಅದನ್ನೇ ಪಾಲಿಸತಕ್ಕದ್ದು. ಅಂಬಲಿ ತಯಾರಿಸುವವರ ಹೆಸರು ಮತ್ತು ತಯಾರಿಕೆಯ ವಿವರ, ಹಾಗೂ ‘ಸಾಕು’ ಎನ್ನುವ ವ್ಯಕ್ತಿಯ ಅರ್ಹತೆ ಮತ್ತು ಅನುಭವವನ್ನು ಹದಿನೈದು ದಿನದೊಳಗೆ ಕಳಿಸತಕ್ಕದ್ದು.

ಸಲೋಮಿ ಹೈದರಾಬಾದಿಗೆ ಫೋನು ಮಾಡಿದಳು. ಹತ್ತು ಅಂತಸ್ತಿನ ಕೆಳಗಿನಿಂದ ಗೋರಖನಾಥನ ದನಿ ಬಂತು.

“ಕಾಕಾ, ನಿಮ್ಮ ಅರ್ಹತಾ ಏನಂತ ಬರೀಲಿ?”

“ಕೇಶರಬಾಯಿ ಬೀಗತಿ ಹೇಳಿದ್ರು ಬೇಟಿ. ಮಶೀನಿನಾಗ ನಂದೇ ಮೊದಲ ನಂಬರ ಬಂದದಂತ. ಭೀಮನ್ನ ಹಿಂದ ಹಾಕೀನಂತ. ಇಲ್ಲಿ ಬಿಲ್ಡಿಂಗಿನವರಿಗೆಲ್ಲಾ ಪೇಡಾ ಹಂಚೀನಿ. ಅದೇ ಬರಿ.”

ಅಲ್ಲಿ ಮೊದಲ ನಂಬರು ಬರುವುದು ಒಳ್ಳೆಯದಲ್ಲ ಎಂದು ಹೇಳಲು ಸಲೋಮಿ ಬಾಯಿ ತೆರೆದಳು. ಪೇಡಾ ಆಗಲೇ ಹಂಚಿ ಆಗಿತ್ತು. ಅವಳು ಬಾಯಿ ಮುಚ್ಚಿ, ಪೆನ್ನು ತೆಗೆದು, ಗೆರೆ ಎಳೆದ ಕಾಗದದ ಮೇಲೆ ದುಂಡಗಿನ ಅಕ್ಷರದಲ್ಲಿ, ತನಗೆ ಖಚಿತವಾಗಿ ಗೊತ್ತಿದ್ದಷ್ಟನ್ನೇ ಬರೆದಳು: ‘ಅನುಭವ: ಐದು ಸಲ. ತಪ್ಪು: ಇಲ್ಲ. ಒಂದು ಹನಿ, ಅಂಗೈಯಲ್ಲಿ.’